ನೀಲವ್ವನ ಖಾಲಿ ಮೇಜು

ಸೈಕಲ್ಲಿನ ಹಳೇ ಟ್ಯೂಬುಗಳಿಂದ ಏನಾದರೂ ಮಾಡಿ ತರಬೇಕೆಂಬ ಸ್ಪರ್ಧೆ ಅದು. ತೀರ್ಪು ಕೊಡಲು ಬಂದ ಮೇಡಂ ಪ್ರತಿ ಮೇಜಿನ ಮುಂದೆಯೂ ನಿಂತು ಮೂಗು ಮುರಿದರು.

"ಇದು ಕಿವಿಯೋಲೆನಾ? ಎಮ್ಮೆಗೆ ಹಾಕಬಹುದು."

"ಇದು ಹೂವಾ? ಬಾವಲಿ ಸತ್ತು ಬಿದ್ದ ಹಾಗಿದೆ."

ಹೂವು ಮಾಡಿದಾಕೆ ಅದನ್ನು ಮೆಲ್ಲಗೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಕೊನೆಯ ಮೇಜಿಗೆ ಬರುವಷ್ಟರಲ್ಲಿ ಮೇಡಂ ಅವರ ಸೊಂಟ ಹಿಡಿದುಕೊಂಡಿತ್ತು. ಪಕ್ಕದಲ್ಲಿದ್ದ ಕುರ್ಚಿಯ ಮೇಲೆ, ಅದರತ್ತ ನೋಡದೆಯೇ, ಧೊಪ್ಪನೆ ಕುಳಿತರು. ಕುರ್ಚಿ ಮೆತ್ತಗೆ ಜಗ್ಗಿ ಅವರ ಭಾರವನ್ನೆಲ್ಲ ಹೊತ್ತುಕೊಂಡಿತು.

"ಅಬ್ಬಾ! ಈ ಊರಲ್ಲಿ ನೆಟ್ಟಗಿರೋದು ಇದೊಂದೇ," ಎಂದು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ತೆರೆದಾಗ ಎದುರಿನ ಮೇಜು ಖಾಲಿಯಿತ್ತು. ಅದರ ಹಿಂದೆ ಪಂಚರ್ ಅಂಗಡಿಯ ನೀಲವ್ವ ಕೈಕಟ್ಟಿ ನಿಂತಿದ್ದಳು.

"ನಿನ್ನದೆಲ್ಲಿ?"

"ತಂದೇನ್ರಿ."

"ಮೇಜಿನ ಮೇಲೆ ಏನೂ ಇಲ್ವಲ್ಲ?"

"ಮೇಜಿನ ಮ್ಯಾಲೆ ಇಡಾಕ ಬರೂದಿಲ್ರಿ."

"ಪಂಚರ್ ಹಾಕೋರಿಗೆ ಕಲೆ ಅಂದ್ರೆ ಏನು ಗೊತ್ತು? ಟ್ಯೂಬು ಕತ್ತರಿಸಿ ಎಲ್ಲಿಗಾದ್ರೂ ಬಿಗಿದು ಕಟ್ಟೋದು, ಅಷ್ಟೇ. ಉಪ್ಪಿಟ್ಟು ತಿಂದು ಹೋಗೋಣ ಅಂತ ಬಂದಿದೀಯಾ?"

ಮೇಡಂ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ನೀಲವ್ವನ ಹೆಸರಿನ ಮುಂದೆ ದೊಡ್ಡದೊಂದು ಸೊನ್ನೆ ಸುತ್ತಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಸೊನ್ನಿ ಕೊಡ್ರಿ, ಬ್ಯಾಡ ಅನ್ನೂದಿಲ್ಲ," ಎಂದಳು ನೀಲವ್ವ. "ಆದ್ರ ಮೊದಲ ಅದರ ಮ್ಯಾಲಿಂದ ಏಳ್ರಿ."