ಮೇಣದ ನಾಲಿಗೆ

ನಿನ್ನೆ ನಮ್ಮೂರು ಬಿಟ್ಟಂಗಾಲದ ಮನೆಯಲ್ಲಿ ಕರೆಂಟ್ ಬಂದೊಡನೆ ಮೇಣದಬತ್ತಿ ಊದಿ ಆರಿಸಿದೆ; ಆ ಹೊಗೆಯ ವಾಸನೆ ಚಿಕ್ಕಂದಿನ ವೇಳಾಂಕಣ್ಣಿ ಯಾತ್ರೆಯ ಒಂದು ಮಧ್ಯಾಹ್ನವನ್ನು ನೆನಪಿಗೆ ತಂದಿತು.

ಐದು ವರ್ಷ ತುಂಬಿದರೂ ತಮ್ಮ ಮಾತಾಡಿರಲಿಲ್ಲ. ಅದಕ್ಕೇ ಅಮ್ಮ ಮೇರಿಮಾತೆಗೆ ಹರಕೆ ಹೊತ್ತಿದ್ದಳು. ಇಗರ್ಜಿಯ ಎದುರಿನ ಅಂಗಡಿಯಲ್ಲಿ, ವಾಸಿಯಾಗಬೇಕಾದ ಅಂಗದ ರೂಪದಲ್ಲಿ ಹರಕೆ ಒಪ್ಪಿಸಲೆಂದು ತಗಡಿನ ಕಣ್ಣು, ಕೈ, ಕಾಲು ಇದ್ದವು.

"ನಾಲಿಗೆ?" ಎಂದಳು ಅಮ್ಮ.

"ಇಲ್ಲಮ್ಮಾ" ಎಂದ ಅಂಗಡಿಯವನು.

"ಬೇಗ ಬಾ ಮಾರಾಯ್ತಿ, ವ್ಯಾನಿನವ ಬಿಟ್ಟು ಹೋಗ್ತಾನೆ!" ಅಪ್ಪ ಗಡಿಯಾರ ನೋಡುತ್ತಲೇ ಇದ್ದರು. ನಾನೂ ಕಾಲು ಬದಲಿಸುತ್ತ ನಿಂತಿದ್ದೆ.

ಅಮ್ಮ ಇಗರ್ಜಿಯೊಳಗೆ ಹೋಗಿ, ಅಲ್ಲಿ ಉರಿಯುತ್ತಿದ್ದ ಬತ್ತಿಗಳ ಬಿಸಿ ಮೇಣ ತೆಗೆದು, ಬೆರಳಲ್ಲೇ ನಾಲಿಗೆಯೊಂದನ್ನು ಮಾಡಿ ಮಾತೆಯ ಮುಂದಿಟ್ಟಳು. ಬೆರಳು ಸುಟ್ಟು ಕೆಂಪಾಗಿತ್ತು. ತಮ್ಮ ಆ ಬೆರಳನ್ನು ಹಿಡಿದು "ಉಫ್" ಎಂದ.

"ಕೇಳಿತಾ? ಮಾತಾಡಿದ!" ಎಂದಳು ಅಮ್ಮ.

"ಊದಿದ ಅಷ್ಟೆ..." ಎನ್ನುತ್ತ ಅಪ್ಪ ಅಮ್ಮನ ಮುಖ ನೋಡಿದರು. "ಹೌದು, ಕೇಳಿತು. ಇನ್ನೊಂದ್ಸಲ ಹೇಳು ಮಗಾ" ಎನ್ನುತ್ತ ಅಲ್ಲೇ ನೆಲದ ಮೇಲೆ ಕೂತರು.