ಮೂರು ದಿನದ ಹಠ

ಹೆಂಡತಿ ಬಚ್ಚಲಲ್ಲಿ ಕುಸಿದ ಅರ್ಧ ಗಂಟೆಯೊಳಗೆ ವಾಮನರಾಯರು ಅವಳನ್ನು ಆಸ್ಪತ್ರೆಗೆ ತಂದಿದ್ದರು. ಲಕ್ವ ಹೊಡೆದ ನಾಲ್ಕು ಗಂಟೆಯೊಳಗೆ ಇಂಜೆಕ್ಷನ್ ಕೊಟ್ಟರೆ ಕೈಕಾಲು, ಮಾತು ಮರಳಬಹುದೆಂದು ಕೇಳಿದ್ದರು. ಆ ಧೈರ್ಯ ಮುಖದಲ್ಲಿತ್ತು.

ಡಾಕ್ಟರು ಮೆದುಳಿನ ಸ್ಕ್ಯಾನನ್ನು ಬೆಳಕಿಗೆ ಹಿಡಿದರು. "ಮಾತು ನಿಂತದ್ದು ಯಾವಾಗ?"

"ಅಯ್ಯೋ, ಅದು ಸೋಮವಾರ ಜಗಳ ಆದಾಗಿಂದ್ಲೂ ಇಲ್ಲ ಸಾರ್," ರಾಯರು ನಾಚಿ ನಕ್ಕರು. "ಸುಮ್ಮನೆ ಬಂದು ನನ್ನ ತೋಳು ಜಗ್ಗೋಳು. ಬಾಯಿಬಿಟ್ಟು ತಪ್ಪಾಯ್ತು ಅನ್ನು, ಆಮೇಲೆ ನೋಡೋಣ ಅಂದೆ. ಮೂರು ದಿನ ಆದ್ರೂ ಅನ್ನಲಿಲ್ಲ, ಅಷ್ಟು ಹಠ! ಈಗ ಇಂಜೆಕ್ಷನ್ ಕೊಟ್ಟುಬಿಡಿ."

ಡಾಕ್ಟರ ಬೆರಳು ಚಿತ್ರದ ಕಪ್ಪು ಕಲೆಯೊಂದರ ಮೇಲೆ ನಿಂತಿತು.

"ಇದು ಇವತ್ತಿನದಲ್ಲ ರಾಯರೇ, ಮೂರು ದಿನದ ಹಿಂದಿನದು. ತಪ್ಪಾಯ್ತು ಅನ್ನೋಕೆ ಅವರಿಗೆ ಮಾತೇ ಇರಲಿಲ್ಲ."