ಪಂಚಾಮೃತ ಕುಡಿದ ಬಂದೂಕು

ಎಪ್ಪತ್ನಾಲ್ಕನೇ ಇಸವಿ, ಆಯುಧಪೂಜೆ ಕಳೆದ ಮೇಲಿನ ಭಾನುವಾರ, ಕುರಿಗಳು ಮೇವಿಗೆ ಹೊರಡುವ ಹೊತ್ತು. ಹೊಸದುರ್ಗದ ಕಡೆಯ ಆ ಹಟ್ಟಿಯಲ್ಲಿ ಗೌಡ ಕಾಟಲಿಂಗಪ್ಪನ ಜಗಲಿಯ ಮುಂದೆ ಚಿತ್ತಮ್ಮ ಬಂದು ನಿಂತಳು. ಹಿಂದಿನ ರಾತ್ರಿ ಅವಳ ಟಗರನ್ನು ತೋಳ ಎತ್ತಿಕೊಂಡು ಹೋಗಿತ್ತು. ಎರಡು ವರ್ಷದಲ್ಲಿ ಹಟ್ಟಿಯಿಂದ ಹೋದ ಏಳನೆಯ ಟಗರು.

"ಗೌಡ, ಗೋಡೆ ಮ್ಯಾಲಿರೋ ಬಂದೂಕ ಇಳಿಸ್ತೀಯೋ, ಇಲ್ಲ ಅದಕ್ಕೊಂದು ಸೀರೆ ತಂದು ಉಡಿಸ್ಲೋ?"

ಚಿತ್ತಮ್ಮ ಗೌಡನಿಗಿಂತ ಹಿರಿಯಳು, ಬೈದರೆ ಬೈಸಿಕೊಳ್ಳಬೇಕು. ಸುತ್ತಲಿನ ಹಟ್ಟಿಗಳಿಗೆಲ್ಲ ಲೈಸೆನ್ಸಿದ್ದ ರೈಫಲ್ ಅದೊಂದೇ, ಅವನ ಅಪ್ಪನ ಕಾಲದ್ದು. ಅದರಿಂದ ಗೌಡ ಹೊಡೆದ ಚಿರತೆಗಳ ಲೆಕ್ಕ ವರ್ಷ ವರ್ಷ ಏರುತ್ತಿತ್ತು. ರೈಫಲ್ ಮಾತ್ರ ಆಯುಧಪೂಜೆಯ ದಿನ ಬಿಟ್ಟರೆ ಗೋಡೆಯಿಂದ ಇಳಿದಿರಲಿಲ್ಲ.

"ಗುಂಡು ತುಂಬೋ ಬೋಲ್ಟು ಬಿಗಿ ಐತಲ್ಲ ಚಿತ್ತಕ್ಕ," ಎಂದ ಗೌಡ. "ಇಲ್ದಿದ್ರೆ ನಾನು ಸುಮ್ಕಿರ್ತಿದ್ನಾ?"

"ಭಾವಂಗೆ ಧೈರ್ಯ ಐತೆ, ಬಂದೂಕಿಂದೇ ಐಬು," ಎಂದು ಬಾಗಿಲಲ್ಲಿ ನಿಂತಿದ್ದ ಭಾವಮೈದ ಪಾಪಣ್ಣ ದನಿಗೂಡಿಸಿದ.

ಪಾಪಣ್ಣ ಮೂರು ವರ್ಷದ ಹಿಂದೆ ಅಕ್ಕನನ್ನು ನೋಡಿಕೊಂಡು ಹೋಗಲು ಬಂದವನು. ನೋಡಿ ಇನ್ನೂ ಮುಗಿದಿರಲಿಲ್ಲ. ಉಣ್ಣುವುದರ ಜೊತೆಗೆ ಭಾವನ ಮರ್ಯಾದೆ ಕಾಯುವ ಕೆಲಸವನ್ನೂ ಅವನು ವಹಿಸಿಕೊಂಡಿದ್ದ. ತೋಳದ ವಿಚಾರದಲ್ಲಂತೂ ಅವನಷ್ಟು ಬಲ್ಲವರಿರಲಿಲ್ಲ. ಕುರಿರೊಪ್ಪದ ಬಾಗಿಲಿಗಿಟ್ಟ ಮುಳ್ಳುಕಂಟಿ ಇಟ್ಟಲ್ಲೇ ಇದ್ದರೆ, ತೋಳ ಹಾರಿ ಬಂದು ಹಾರಿ ಹೋಗಿದೆ ಎನ್ನುವನು. ನಾಯಿ ಬೊಗಳದಿದ್ದರೆ, ವಾಸನೆಗೇ ಅದರ ಬಾಯಿ ಕಟ್ಟಿದೆ ಎನ್ನುವನು. ಗೌಡ ತಲೆದೂಗುವನು. ಗೌಡನಿಗೆ ತೋಳಕ್ಕಿಂತ ಗುಂಡಿನ ಸದ್ದಿನ ಭಯವೇ ಹೆಚ್ಚು. ಮನಸ್ಸಿನಲ್ಲೇ ಆ ಬಿಗಿ ಬೋಲ್ಟಿಗೆ ದಿನಾ ಕೈಮುಗಿಯುತ್ತಿದ್ದ.

ಆದರೆ ಚಿತ್ತಮ್ಮ ಈ ಸಲ ಒಬ್ಬಳೇ ಬಂದಿರಲಿಲ್ಲ. ಹಿಂದೆ ಅವಳ ತಂಗಿಯ ಮಗ ಎತ್ತಪ್ಪ ನಿಂತಿದ್ದ. ಮಿಲಿಟರಿಯಲ್ಲಿ ಹದಿನೈದು ವರ್ಷ ರೈಫಲ್ ಉಜ್ಜಿ, ಮೊನ್ನೆ ತಾನೇ ಊರು ಸೇರಿದವನು.

"ಕೊಡ್ರಿ ಗೌಡ್ರೇ, ಉಣ್ಣೋ ಹೊತ್ತಿಗೆ ಬಿಡಿಸಿ ಕೊಡ್ತೀನಿ."

ಹತ್ತು ಜನ ನೋಡುತ್ತಿದ್ದರು. ಬಂದೂಕು ಇಳಿಯಿತು.

ಎತ್ತಪ್ಪ ನಳಿಗೆಯನ್ನು ಗುಡ್ಡದ ಕಡೆ ತಿರುಗಿಸಿಕೊಂಡು ಬೋಲ್ಟಿನ ಹಿಡಿ ಎತ್ತಿ ನೋಡಿದ. ಅಲ್ಲಾಡಲಿಲ್ಲ. ಕುದಿಯುವ ನೀರು ತರಿಸಿ ಸುರಿದ. ಆಮೇಲೆ ಸೀಮೆಎಣ್ಣೆ ಬಿಟ್ಟು, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಸುಮ್ಮನೆ ಕೂತ. ಮರದ ತುಂಡಿನಿಂದ ಹಿಡಿಯನ್ನು ಮೆಲ್ಲಗೆ ತಟ್ಟಿದ, ಮತ್ತೆ ತಟ್ಟಿದ. ಕಿರ್ರೆಂದು ಹಿಡಿ ಮೇಲೆದ್ದಿತು. ಒಳಗೆ ಗುಂಡಿಲ್ಲವೆಂದು ಬೆರಳಾಡಿಸಿ ನೋಡಿ ಬೋಲ್ಟನ್ನು ಹೊರಗೆಳೆದ. ಜೊತೆಗೆ ಕರ್ರಗೆ ಅಂಟಂಟಾದ ಏನೋ ಬಂತು. ಮೂಸಿ ನೋಡಿದ.

"ಗೌಡ್ರೇ, ಇದಕ್ಕೆ ಎಣ್ಣೆ ಹಾಕಿದ್ರೋ, ಪಾಯಸ ಕುಡಿಸಿದ್ರೋ?"

ಪಾಪಣ್ಣ ಮುಂದೆ ಬಂದ. "ಪಂಚಾಮೃತ. ಆಯುಧಪೂಜೆಗೆ ವರ್ಷಾ ವರ್ಷಾ ನಾನೇ ಅಭಿಷೇಕ ಮಾಡ್ತೀನಿ, ದೇವ್ರಿಗೆ ಮಾಡಿದಂಗೆ."

"ದೇವ್ರಿಗೆ ಬೋಲ್ಟಿರಲ್ಲ ಕಣಪ್ಪ."

ಎಲ್ಲರೂ ನಕ್ಕರು. ಮೂರು ಪೂಜೆಯ ಭಕ್ತಿ ಪದರ ಪದರವಾಗಿ ಹೊರಬಂತು: ಬೆಲ್ಲದ ಪಾಕ, ಬಾಳೆಹಣ್ಣಿನ ನಾರು, ಗಟ್ಟಿಯಾದ ತುಪ್ಪ, ಕುಂಕುಮ, ಪ್ರಸಾದಕ್ಕೆಂದು ಬಂದು ಅಲ್ಲೇ ಪ್ರಾಣ ಬಿಟ್ಟ ಇರುವೆಗಳು. ಎತ್ತಪ್ಪ ಬೋಲ್ಟಿನ ಸ್ಪ್ರಿಂಗು ಬಿಚ್ಚಿ, ಬಿದಿರು ಕಡ್ಡಿಯಿಂದ ಸಂದಿಸಂದಿ ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದ. ದಾರಕ್ಕೆ ಚಿಂದಿ ಕಟ್ಟಿ, ಅದು ಬೆಳ್ಳಗೆ ಬರುವ ತನಕ ನಳಿಗೆಯೊಳಗೆ ಎಳೆದ. ಕೊನೆಗೆ ಹೊಲಿಗೆ ಮಿಷನ್ನಿನ ಎಣ್ಣೆ ಎರಡೇ ಹನಿ.

"ಇನ್ನೂ ಒಂದೀಟು ಬಿಡು," ಎಂದ ಪಾಪಣ್ಣ.

"ಜಾಸ್ತಿಯಾದ್ರೆ ಧೂಳು ಕಚ್ಕಂತೈತೆ. ನೀನು ಅತ್ಲಾಗೆ ಹೋಗಪ್ಪ, ಕಣ್ಣಾಗೇ ಅಭಿಷೇಕ ಮಾಡೀಯ."

ಬೋಲ್ಟು ಒಳಗೆ ಹೋಯಿತು. ಖಟಕ್. ಹೊರಗೆ ಬಂತು. ಖಟಕ್. ಒಂದೊಂದು ಖಟಕ್‌ಗೂ ಗೌಡ ಒಂದೊಂದು ಹೆಜ್ಜೆ ಹಿಂದೆ ಸರಿದ. ಇನ್ನು ನೆಪ ಉಳಿದಿರಲಿಲ್ಲ. ಹಟ್ಟಿಯ ಮುಂದೆ ನಗೆಪಾಟಲಾಗುವುದು, ಇಲ್ಲವೇ ತೋಳದ ಮುಂದೆ ಕೂರುವುದು. ತೋಳಕ್ಕೆ ಬಾಯಿದ್ದರೂ ಆಡಿಕೊಳ್ಳಲು ಬರುವುದಿಲ್ಲ.

"ಇವತ್ತು ಹೊತ್ತು ಮುಳುಗಿದ ಮ್ಯಾಲೆ ರೊಪ್ಪದ ಬಾಗ್ಲಾಗೇ ಕೂರ್ತೀನಿ," ಎಂದು ಗೌಡ ಸಾರಿದ. "ಏನು ಅಲ್ಲಾಡಿದ್ರೂ ಸುಡೋದೇ. ಮುಖ ಮೂತಿ ನೋಡಲ್ಲ."

"ಭಾವ, ನಿಮ್ಗೆ ಕತ್ಲಾಗೆ ಕಣ್ಣು ಕಾಣಲ್ಲ." ಪಾಪಣ್ಣನ ದನಿ ನಡುಗಿತು. "ಹೆಚ್ಚುಕಮ್ಮಿ ಆದ್ರೆ?"

"ಆಗ್ಲಿ ಬಿಡೋ! ಹಟ್ಟಿಗಾಗಿ ಹೋದ್ರೆ ಹೋಗ್ಲಿ ಪ್ರಾಣ."

ಭಾವಮೈದನ ಕಕ್ಕುಲಾತಿ ಕಂಡು ಗೌಡನ ಕಣ್ಣು ತುಂಬಿ ಬಂತು. ಹೆಂಡತಿಯ ಕಡೆಯವರಲ್ಲಿ ತನಗಾಗಿ ಇಷ್ಟು ಮರುಗಿದವರು ಇನ್ನೊಬ್ಬರಿರಲಿಲ್ಲ.

ಸಂಜೆ ಗೌಡ ಹೇಳಿದಂತೆ ಕೂತ. ಪಕ್ಕದಲ್ಲಿ ಎತ್ತಪ್ಪ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಗೌಡ ಕಾವಲು ಕಾದ. ಬೆಳಗಾದಾಗ ಒಂದು ಕುರಿಯೂ ಕಡಿಮೆಯಾಗಿರಲಿಲ್ಲ. ಕುರಿ ಎಣಿಸಲು ಬಂದಿದ್ದ ಚಿತ್ತಮ್ಮನ ಮುಂದೆ ಗೌಡ ಎದ್ದು ಮೀಸೆ ತೀಡಿದ.

"ನೋಡಿದ್ಯಾ ಚಿತ್ತಕ್ಕ? ಬೋಲ್ಟಿನ ಸದ್ದಿಗೇ ತೋಳ ಸೀಮೆ ಬಿಟ್ಟೈತೆ!"

ಮೊದಲು ಪಾಪಣ್ಣನಿಗೆ ಹೇಳಬೇಕೆಂದು ಮನೆಗೆ ಓಡಿದ. ಚಿತ್ತಮ್ಮನೂ ಹಿಂದೆಯೇ ಬಂದಳು. ಪಾಪಣ್ಣನ ಕೋಣೆಯ ಬಾಗಿಲಲ್ಲಿ ಗೌಡನ ಹೆಂಡತಿ ಕಾಟಮ್ಮ ಗಲ್ಲಕ್ಕೆ ಕೈಹಚ್ಚಿ ನಿಂತಿದ್ದಳು. ಮಂಚ ಖಾಲಿ. ಟ್ರಂಕಿಲ್ಲ. ಮಂಚದ ಕೆಳಗೊಂದು ಬಟ್ಟೆಯ ಗಂಟು. ಚಿತ್ತಮ್ಮ ಬಗ್ಗಿ ಅದನ್ನೆಳೆದು ಬಿಚ್ಚಿದಳು. ಟಗರುಗಳ ಕೊರಳಿನ ಏಳು ಗಂಟೆಗಳು. ತನ್ನದನ್ನು ಹುಡುಕಿ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿದಳು.

"ಗಂಟೆ ಬಿಚ್ಚಿಟ್ಟು ತಿನ್ನೋ ತೋಳ ಕಣೋ ಗೌಡ. ಒಳ್ಳೆ ಮನೆತನದ್ದು."

ಆ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ತೋಳ ಹಿರಿಯೂರಿಗೆ ಹೋಯಿತು. ಅಕ್ಕನಿಗೆ ಒಂದು ಮಾತು ಹೇಳಿ ಹೋಗಲೂ ಪಾಪಣ್ಣನಿಗೆ ಪುರುಸೊತ್ತಾಗಿರಲಿಲ್ಲ.